ಗೂಳಿ ಎಲ್ಲಿ ಹೋಯ್ತು ಸ್ವಾಮಿ?

"ಲೋಗೋ ಬದಲಾದ್ರೆ ನಿಂದೇನ್ ಗಂಟು ಹೋಯ್ತು ಮಾರಾಯ?" ಅಂತ ಆಫೀಸಿನ ಗೆಳೆಯ ಕೇಳ್ತಾನೆ. ಹೋಗಿದೆ, ಅದಕ್ಕೇ ಬರೀತಿದ್ದೀನಿ.

2017ರ ಜನವರಿಯಲ್ಲಿ ಇಟಲಿಯ ಯುವೆಂಟಸ್ ಫುಟ್‌ಬಾಲ್ ತಂಡ ತನ್ನ ಲಾಂಛನದಿಂದ ಟ್ಯೂರಿನ್ ನಗರದ ಗುರುತಾದ ಗೂಳಿಯನ್ನು ಕಿತ್ತುಹಾಕಿ, ಇಂಗ್ಲಿಷಿನ 'ಜೆ' ಅಕ್ಷರ ತಂದು ಕೂರಿಸಿತು. ಮೊಬೈಲ್ ಐಕಾನಿಗೆ ಚೆನ್ನಾಗಿ ಹೊಂದುತ್ತೆ, ಒಪ್ಪಿದೆ. ಐಕಾನ್ ಜೋಡಿಸೋದೇ ನನ್ನ ಹೊಟ್ಟೆಪಾಡು. ಆದರೆ ತಂಡ ಅಂದ್ರೆ ಆ್ಯಪ್ ಅಲ್ಲವಲ್ಲ!

2006 ನೆನಪು ಮಾಡ್ಕೊಳ್ಳಿ. ಕ್ಯಾಲ್ಚೊಪೊಲಿ ಹಗರಣದಲ್ಲಿ ತಂಡವನ್ನು ಎರಡನೇ ದರ್ಜೆಯ ಸೀರಿ ಬಿ ಲೀಗಿಗೆ ತಳ್ಳಿದರು. ಕನ್ನವಾರೊ ಹೋದ, ಇಬ್ರಾಹಿಮೊವಿಚ್ ಹೋದ. ಆಗಷ್ಟೇ ವಿಶ್ವಕಪ್ ಗೆದ್ದಿದ್ದ ಬುಫೋನ್, ಡೆಲ್ ಪಿಯೆರೊ, ಕ್ಯಾಮೊರನೇಸಿ ಉಳಿದರು. ನೆಡ್ವೆಡ್, ಟ್ರೆಜೆಗೆ ಉಳಿದರು. 9 ಅಂಕ ಕಳೆದರೂ ಲೀಗ್ ಗೆದ್ದು ಒಂದೇ ವರ್ಷದಲ್ಲಿ ಮೇಲೆ ಬಂದರು. ಹಾಸ್ಟೆಲಿನಲ್ಲಿದ್ದ ನಾನು ಸೈಬರ್ ಸೆಂಟರಿಗೆ ಹೋಗಿ ಸ್ಕೋರ್ ನೋಡ್ತಿದ್ದೆ. ಅವರ ಎದೆ ಮೇಲಿದ್ದದ್ದು ಅದೇ ಗೂಳಿ.

"80ರ ದಶಕದಲ್ಲಿ ಜೀಬ್ರಾ ಇತ್ತಲ್ಲ" ಅನ್ನೋರಿದ್ದಾರೆ. ಇತ್ತು. ಅದು ತಂಡದ ಕಪ್ಪು-ಬಿಳಿ ಪಟ್ಟೆಯ ಕುರುಹು. ಈ 'ಜೆ' ಯಾವ ಊರಿನದು, ಹೇಳಿ ನೋಡೋಣ? 2019ರಲ್ಲಿ ಜೆರ್ಸಿಯ ಪಟ್ಟೆಗಳನ್ನೂ ತೆಗೆದರು, ಮರುವರ್ಷ ತಾವೇ ವಾಪಸ್ ತಂದರು. ತಪ್ಪಾಯ್ತು ಅಂತ ಅವರಿಗೂ ಅನ್ನಿಸಿರಬೇಕು.

ನಮ್ಮೂರಲ್ಲಿ ದೇವರಿಗೆ ಬಿಟ್ಟ ಬಸವನನ್ನು ಯಾರೂ ಮಾರೋ ಹಾಗಿಲ್ಲ, ಅದು ಇಡೀ ಊರಿನದು. ಟ್ಯೂರಿನ್ನಿನ ಗೂಳಿಯೂ ಹಾಗೇ. ಮಾಲೀಕರೇ, ನಿಮ್ಮ ಷೇರು ನಿಮಗಿರಲಿ. ನಮ್ಮ ಗೂಳಿ ನಮಗೆ ಕೊಡಿ.