ಹಸಿರು ನೀರು ಗಲೀಜಲ್ಲ ಕಣ್ರೋ!

1/5
ಮೊನ್ನೆ ಸ್ಟೋರಿಗೆ ನಮ್ಮ ಮಾವನ ಮೀನು ಹೊಂಡದ ಫೋಟೋ ಹಾಕಿದ್ದೆ. "ಥೂ, ಪಾಚಿ ನೀರು" ಅಂದ್ರಿ. ಅದೇ ನೀವು ಜಿಮ್ ಮುಗಿಸಿ ಸ್ಪಿರುಲಿನಾ ಮಾತ್ರೆ ನುಂಗ್ತೀರಿ. ಅದೂ ಪಾಚಿನೇ! ಡಬ್ಬಿಯಲ್ಲಿದ್ರೆ ಆರೋಗ್ಯ, ಹೊಂಡದಲ್ಲಿದ್ರೆ ಗಲೀಜಾ?

2/5
ಆ ಹಸಿರು ಅಂದ್ರೆ ಬರಿಗಣ್ಣಿಗೆ ಒಂದೊಂದಾಗಿ ಕಾಣದ ಸೂಕ್ಷ್ಮ ಪಾಚಿ. ಬೆಳ್ಳಿ ಗೆಂಡೆ ಅದನ್ನೇ ಸೋಸಿ ತಿನ್ನುತ್ತೆ. ಕಾಟ್ಲಾ ತಿನ್ನೋ ಸಣ್ಣ ಜೀವಿಗಳು ಬದುಕೋದೂ ಅದರಿಂದಲೇ. ಸೀಗಡಿ ಮರಿ ಮಾಡೋ ಕೇಂದ್ರಗಳಲ್ಲಿ ಇದನ್ನ ತೊಟ್ಟಿಯಲ್ಲಿ ಬೇಕಂತಲೇ ಬೆಳೆಸ್ತಾರೆ. ನಾವು? ದುಡ್ಡು ಕೊಟ್ಟು ಸಾಯಿಸ್ತೀವಿ.

3/5
ಮಾವಂಗೆ ಮೇವು ಮಾರೋರೊಬ್ಬರು ಹೇಳಿದ್ರು: "ನೀರು ಹಸಿರಾದ್ರೆ ರೋಗ, ಮೈಲುತುತ್ತ ಹಾಕಿ." ಹಾಕಿದ್ರು. ನೀರು ತಿಳಿಯಾಯ್ತು, ಎಲ್ರಿಗೂ ಖುಷಿ. ಮೂರನೇ ದಿನ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದ್ವು. ಮಧ್ಯಾಹ್ನಕ್ಕೆ ಹೊಟ್ಟೆ ಮೇಲಾಗಿ ತೇಲಿದ್ವು. ಪಾಚಿ ಒಟ್ಟಿಗೆ ಸತ್ತು ಕೊಳೆತರೆ ನೀರಿನ ಆಮ್ಲಜನಕವನ್ನೇ ಹೀರಿಬಿಡುತ್ತೆ. ಮೀನು ಸತ್ತವು, ಮೇವಿನ ಸಾಲ ಬದುಕಿದೆ.

4/5
ಬಿಕಾಂ ಓದೋರೇ, ಕಾಸ್ಟ್ ಶೀಟ್ ಹಾಕಿ ನೋಡಿ. ಮೀನು ಸಾಕಣೆಯಲ್ಲಿ ದೊಡ್ಡ ಖರ್ಚೇ ಮೇವು, ಎಷ್ಟೋ ಕಡೆ ಒಟ್ಟು ಖರ್ಚಿನ ಅರ್ಧಕ್ಕಿಂತ ಜಾಸ್ತಿ. ಕೊಟ್ಟಿಗೆ ಗೊಬ್ಬರ, ಬಿಸಿಲು ಸೇರಿದ್ರೆ ಅದರಲ್ಲಿ ಒಂದು ಪಾಲು ಹೊಂಡದಲ್ಲೇ ಬೆಳೆಯುತ್ತೆ.
"ಹಾಗಾದ್ರೆ ಎಷ್ಟು ಹಸಿರಾದ್ರೂ ಒಳ್ಳೇದಾ?" ಅಲ್ಲ. ರಾತ್ರಿ ಪಾಚಿಯೂ ಉಸಿರಾಡುತ್ತೆ, ಅತಿಯಾದ್ರೆ ಮೀನಿಗೆ ಗಾಳಿ ಸಾಲಲ್ಲ. ಕೈಯನ್ನ ಮೊಣಕೈವರೆಗೆ ನೀರಿಗೆ ಇಳಿಸಿ. ಅಲ್ಲಿಗೆ ಅಂಗೈ ಮರೆಯಾದ್ರೆ ಹದ. ಮಣಿಕಟ್ಟು ಮುಳುಗೋ ಅಷ್ಟರಲ್ಲೇ ಮರೆಯಾದ್ರೆ ಅತಿ: ಗೊಬ್ಬರ ನಿಲ್ಸಿ, ಮೇವು ಕಮ್ಮಿ ಮಾಡಿ, ಹೊಸ ನೀರು ಬಿಡಿ. ಮೊಣಕೈ ಮುಳುಗಿದ್ರೂ ಅಂಗೈ ಚೆನ್ನಾಗಿ ಕಾಣ್ತಿದ್ರೆ ಮೀನಿಗೆ ಊಟ ಸಾಲ್ದು. ಈ ಪರೀಕ್ಷೆಗೆ ಒಂದು ಪೈಸೆನೂ ಖರ್ಚಿಲ್ಲ. ಅದಕ್ಕೇ ಇರ್ಬೇಕು, ಯಾವ ಅಂಗಡೀಲೂ ಹೇಳ್ಕೊಡಲ್ಲ.

5/5
1938ರಲ್ಲಿ ಬಾವುಟ ಹಾರಿಸಬೇಡಿ ಅಂದ್ರೂ ಹಾರಿಸಿದ ಊರು ನಮ್ಮ ಶಿವಪುರ. ಸತ್ಯಾಗ್ರಹ ಸೌಧದ ಮುಂದೆ ರೀಲ್ಸ್ ಮಾಡೋ ನಾವು, ಅಂಗಡಿಯವರು ಹೇಳಿದ ಔಷಧಿ ಸುರಿಯೋ ಮುಂಚೆ "ಯಾಕೆ?" ಅಂತ ಒಂದು ಮಾತು ಕೇಳಲ್ಲ. ಮದ್ದೂರು, ಮಳವಳ್ಳಿ ಕಡೆ ನಿಮ್ಮ ಮನೇಲಿ ಹೊಂಡ ಇದೆಯಾ? ಈ ಭಾನುವಾರ ಅಪ್ಪನ ಜೊತೆ ಹೋಗಿ ಕೈ ಇಳಿಸಿ ನೋಡಿ. ಅನುಮಾನ ಬಂದ್ರೆ ಮೊದಲು ಮೀನುಗಾರಿಕೆ ಇಲಾಖೆಯವರನ್ನ ಕೇಳಿ, ಆಮೇಲೆ ಅಂಗಡಿ.
ಅಂಗೈ ಎಲ್ಲಿ ಮರೆಯಾಯ್ತು ಅಂತ ಕಾಮೆಂಟಲ್ಲಿ ಹಾಕಿ.

#ಶಿವಪುರ #ಮದ್ದೂರು #ಹಸಿರುನೀರು #ಮೀನುಸಾಕಣೆ