ನಕ್ಷೆ ಸರಿ ಐತಿ, ಸಾಲು ತಪ್ಪೈತಿ!

ರಾಮದುರ್ಗ: ನಮ್ಮ ಪೇಟೆಯ ಕಿರಾಣಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಬಗಲಿಗೆ ಒಂದು ಕೆಂಪು ವಹಿ ಇರುತ್ತದೆ. ಉದ್ರಿ ವಹಿ. ಒಬ್ಬ ಗಿರಾಕಿಗೆ ಒಂದು ಪುಟ. ಪುಟದ ತಲೆಗೆ ಹೆಸರು, ಊರು. ಅದರ ಕೆಳಗೆ ಸಾಲುಸಾಲಾಗಿ ಬೆಲ್ಲ, ಎಣ್ಣೆ, ಚಹಾಪುಡಿ, ಜಮಾ, ಬಾಕಿ. ಹೆಸರು ಒಂದೇ, ಸಾಲು ಐವತ್ತು. ಒಂದು ಸಾಲು ತಪ್ಪಾದರೆ ಅಂಗಡಿಕಾರ ಪುಟ ಹರಿದು ಒಗೆಯುವುದಿಲ್ಲ. ಆ ಸಾಲಿಗೆ ಮಾತ್ರ ಗೀಟು ಎಳೆದು, ಪಕ್ಕಕ್ಕೆ ಸರಿಯಾದದ್ದನ್ನು ಬರೆಯುತ್ತಾನೆ. ಹಳೇದೂ ಕಾಣಬೇಕು, ಹೊಸದೂ ಕಾಣಬೇಕು. ನಾಳೆ ತಕರಾರು ಬಂದರೆ ಅದೇ ಸಾಕ್ಷಿ.

ಸರಕಾರವೂ ಇಂಥದೇ ಒಂದು ವಹಿ ಇಟ್ಟಿದೆ. ಅದರ ಹೆಸರು ಬೆಳೆ ಸಮೀಕ್ಷೆ. ಕಾಗದದ್ದಲ್ಲ, ಮೊಬೈಲಿನದು. ರಾಜ್ಯದಲ್ಲಿ 2017ರಿಂದ ಈ ಕೆಲಸ ಆ್ಯಪ್ ಮೇಲೆ ನಡೆದಿದೆ. 2020ರ ಮುಂಗಾರಿಗೆ ರೈತರೇ ತಮ್ಮ ಹೊಲದ ಬೆಳೆ ದಾಖಲಿಸಲಿ ಎಂದು ಬೇರೆ ಆ್ಯಪ್ ಕೂಡ ಬಂತು. ಒಳ್ಳೆಯದೇ. ಹಿಂದೆ ಚಾವಡಿಯಲ್ಲಿ ಕೂತು ಅಂದಾಜಿನ ಮೇಲೆ ಬೆಳೆ ಬರೆಯುತ್ತಿದ್ದ ಕಾಲ ಹೋಯಿತು, ಹೊಲದಲ್ಲಿ ನಿಂತು ಫೋಟೋ ಹೊಡೆಯುವ ಕಾಲ ಬಂತು. ಆದರೆ ತಪ್ಪಾದ ಸಾಲನ್ನು ತಿದ್ದುವ ವಿದ್ಯೆಯಲ್ಲಿ ಮಾತ್ರ ಸರಕಾರ ನಮ್ಮ ಕಿರಾಣಿ ಅಂಗಡಿಕಾರನಿಗಿಂತ ಹಿಂದೆ ಉಳಿದಿದೆ!

ಒಂದು ಹೊಲ, ನಾಲ್ಕು ಸಾಲು

ಆ್ಯಪ್ ತೆರೆದರೆ ಊರಿನ ನಕ್ಷೆ ಬರುತ್ತದೆ. ನಕ್ಷೆಯಲ್ಲಿ ಸರ್ವೆ ನಂಬರು, ಹಿಸ್ಸಾ. ಹೊಲದ ಗಡಿಯೊಳಗೆ ನಿಂತರೆ ಮೊಬೈಲಿಗೆ ಜಾಗ ತಿಳಿಯುತ್ತದೆ. ಇಲ್ಲಿಯವರೆಗೆ ಅಡ್ಡಿಯಿಲ್ಲ. ಆದರೆ ನಕ್ಷೆಯ ಆ ತುಂಡು ಉದ್ರಿ ವಹಿಯ ಪುಟದ ತಲೆ ಇದ್ದಂತೆ. ಅಸಲಿ ವ್ಯವಹಾರ ಅದರ ಕೆಳಗಿನ ಸಾಲುಗಳಲ್ಲಿ ಇದೆ. ಮಾಲೀಕರ ಹೆಸರಿಗೊಂದು ಸಾಲು, ಬೆಳೆಗೊಂದು ಸಾಲು, ಮುಂಗಾರಿಗೆ ಒಂದು, ಹಿಂಗಾರಿಗೆ ಮತ್ತೊಂದು. ಒಂದೊಂದು ಸಾಲಿಗೂ ಎಕರೆ-ಗುಂಟೆ ಎಷ್ಟು, ನೀರಾವರಿಯೋ ಮಳೆಯಾಶ್ರಿತವೋ, ಫೋಟೋ ಯಾವುದು ಎಂಬ ವಿವರ ಬೇಕು. ನಕ್ಷೆ ವರ್ಷಗಟ್ಟಲೆ ಬದಲಾಗುವುದಿಲ್ಲ. ಸಾಲುಗಳು ಮಾತ್ರ ಹಂಗಾಮಿಗೊಮ್ಮೆ ಬದಲಾಗುತ್ತವೆ. ತಪ್ಪು ಹುಟ್ಟುವುದೂ ಅಲ್ಲೇ.

ಈ ಅಂಕಣ ಬರೆಯುವವನ ಮನೆಯಲ್ಲೇ ಆದ ಸಂಗತಿ ಕೇಳಿ. ಅಪ್ಪ ಮತ್ತು ಕಾಕಾ ಇಬ್ಬರ ಹೆಸರಿಗೆ ಜಂಟಿ ಉತಾರ, 4 ಎಕರೆ. ಕೆಲವು ವರ್ಷದ ಹಿಂದೆ ಅಪ್ಪ 2 ಎಕರೆ ಹೆಸರು ಬಿತ್ತಿದ್ದ, ಕಾಕಾ 2 ಎಕರೆ ಗೋವಿನಜೋಳ. ಹೆಸರು ಎರಡು ತಿಂಗಳು ಚಿಲ್ಲರೆಯ ಬೆಳೆ. ಜೂನಿನಲ್ಲಿ ಬಿತ್ತಿದರೆ ಆಗಸ್ಟ್ ಹೊತ್ತಿಗೆ ಕಿತ್ತು ಮುಗಿಯುತ್ತದೆ. ಸಮೀಕ್ಷೆಯ ಹುಡುಗ ಬಂದಾಗ ಅಪ್ಪನ ಭಾಗ ಬರಿದಾಗಿತ್ತು. ಹುಡುಗ ಎದುರಿಗೆ ಕಂಡ ಗೋವಿನಜೋಳದ ಫೋಟೋ ಹೊಡೆದ, ನಾಲ್ಕೂ ಎಕರೆಗೆ ಗೋವಿನಜೋಳ ಎಂದು ಒಂದೇ ಸಾಲು ಬರೆದ, ಮುಂದಿನ ಹೊಲಕ್ಕೆ ಹೋದ. ಅಪ್ಪ ಕಂತು ಕಟ್ಟಿದ್ದು ಹೆಸರಿನ ವಿಮೆಗೆ. ಕಚೇರಿಯೊಂದರ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅಪ್ಪನ ಅರ್ಜಿ ತಿರಸ್ಕೃತ. ಕಾರಣ: ಬೆಳೆ ತಾಳೆಯಾಗಿಲ್ಲ.

"ನಕ್ಷೇದಾಗ ನಿಮ್ಮ ಹೊಲ ಸರಿ ಐತಲ್ರೀ ಯಜಮಾನ್ರ," ಅಂದರು ಅಲ್ಲಿದ್ದವರು.

"ಹೊಲ ಸರಿ ಐತ್ರೀ ಸಾಹೇಬ್ರ, ಬೆಳಿ ತಪ್ಪೈತಿ," ಅಂದ ಅಪ್ಪ.

"ತಿದ್ದೂ ಅವಧಿ ಮುಗದೈತ್ರೀ."

ಮಾತು ಅಲ್ಲಿಗೆ ಮುಗಿಯಿತು. ಹುಡುಗನ ಮೇಲೆ ಸಿಟ್ಟು ಮಾಡಿ ಏನು ಫಾಯಿದೆ? ಹೊಲಕ್ಕಿಷ್ಟು ಎಂದು ಕೂಲಿ ಕೊಟ್ಟರೆ ಅವನಿಗೆ ಹೊಲಗಳ ಲೆಕ್ಕ ಮುಖ್ಯ, ಸಾಲುಗಳದ್ದಲ್ಲ.

ಒಂದು ಗುರುತು, ಅರ್ಧ ದುಡ್ಡು

ಈ ಸಾಲಿನ ಬೆಲೆ ಎಷ್ಟು ಎಂದು ಕೇಳುವವರು 2019ರ ಆಗಸ್ಟ್ ನೆನಪು ಮಾಡಿಕೊಳ್ಳಲಿ. ಮಲಪ್ರಭೆ ಉಕ್ಕಿ ನಮ್ಮ ತಾಲೂಕಿನ ದಂಡೆಯ ಹೊಲಗಳು ಕೆರೆಯಾದವು. ನೀರು ನಿಂತ ಹೊಲದಲ್ಲಿ ಏನಿತ್ತು ಎಂದು ಯಾರು ಹೇಳಬೇಕು? ಬೆಳೆ ಕೊಳೆತು ಹೋದ ಮೇಲೆ ಉಳಿಯುವುದು ಮೊಬೈಲಿನ ಸಾಲು ಒಂದೇ.

ಕೇಂದ್ರ ಸರಕಾರ 2022-23ರಿಂದ 2025-26ರ ಅವಧಿಗೆ ಗೊತ್ತು ಮಾಡಿದ ವಿಪತ್ತು ಪರಿಹಾರದ ದರ ನೋಡಿ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ. ಗರಿಷ್ಠ ಮಿತಿ 2 ಹೆಕ್ಟೇರ್. ಅಂದರೆ ಕೊಳವೆಬಾವಿ ಇರುವ ಹೊಲಕ್ಕೆ ಯಾರೋ ಮಳೆಯಾಶ್ರಿತ ಎಂದು ಗುರುತು ಹಾಕಿದರೆ ರೈತನ ದುಡ್ಡು ಸರಿಯಾಗಿ ಅರ್ಧ! ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲೂ ಇದೇ ದಾಖಲೆ ನೋಡುತ್ತಾರೆ. ಹೆಸರು ಎಂದು ಬರೆದಿಲ್ಲದಿದ್ದರೆ ಚೀಲ ತುಂಬಿದ ಹೆಸರುಕಾಳನ್ನೇ ಕಣ್ಣ ಮುಂದೆ ಸುರಿದರೂ ಕೇಳುವವರಿಲ್ಲ.

ನಮಗೇನು ಸಂಬಂಧ ಎಂದು ಪೇಟೆಯವರು ಅನ್ನುವಂತಿಲ್ಲ. ರೈತನ ಖಾತೆಗೆ ಬಾರದ ವಿಮೆ ಅಂಗಡಿಯ ಉದ್ರಿ ವಹಿಯಲ್ಲಿ ಬಾಕಿಯಾಗಿ ಕೂಡುತ್ತದೆ. ಗೊಬ್ಬರದಂಗಡಿ, ಬಟ್ಟೆಯಂಗಡಿ, ಬಂಗಾರದಂಗಡಿ ಎಲ್ಲರ ಹಬ್ಬವೂ ಆ ಒಂದು ಸಾಲಿನ ಮೇಲೆ ನಿಂತಿದೆ.

ತಿದ್ದುವ ಬಾಗಿಲು ಎಲ್ಲಿದೆ?

ಬಾಗಿಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. 'ಬೆಳೆ ದರ್ಶಕ' ಎಂಬ ಆ್ಯಪ್ ಇದೆ. ವರ್ಷ, ಹಂಗಾಮು, ಊರು, ಸರ್ವೆ ನಂಬರು ಆರಿಸಿದರೆ ನಿಮ್ಮ ಹೊಲಕ್ಕೆ ಏನು ಬರೆದಿದ್ದಾರೆ, ಯಾವ ಫೋಟೋ ಹಚ್ಚಿದ್ದಾರೆ ಎಂದು ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆದರೆ ಈ ಬಾಗಿಲು ಸ್ವಲ್ಪ ದಿನ ಮಾತ್ರ ತೆರೆದಿರುತ್ತದೆ. ಆ ಹೊತ್ತಿಗೆ ರೈತ ರಾಶಿಯಲ್ಲಿ ಇರುತ್ತಾನೆ, ಇಲ್ಲವೇ ಹಿಂಗಾರಿ ಬಿತ್ತನೆಯಲ್ಲಿ.

ಓದುಗರಲ್ಲಿ ಹೊಲ ಇದ್ದವರು ನಾಲ್ಕು ಮಾತು ಗಮನದಲ್ಲಿಟ್ಟುಕೊಳ್ಳಬೇಕು. ಸರ್ವೆ ನಂಬರು ಹಸಿರು ಕಂಡಿತು ಎಂದು ಬಿಡಬೇಡಿ, ಒಳಗಿನ ಸಾಲು ತೆರೆದು ಓದಿರಿ. ಎರಡು ಬೆಳೆ ಇದ್ದರೆ ಎರಡು ಸಾಲು ಇರಲೇಬೇಕು. ಎಲ್ಲ ಸಾಲುಗಳ ಎಕರೆ-ಗುಂಟೆ ಕೂಡಿಸಿದರೆ ಉತಾರದ ಕ್ಷೇತ್ರ ಮೀರಬಾರದು, 40 ಗುಂಟೆಗೆ ಒಂದು ಎಕರೆ. ನೀವೇ ಆ್ಯಪ್‌ನಲ್ಲಿ ಹಾಕಿದ್ದರೆ ಅಪ್‌ಲೋಡ್ ಆಯಿತೋ ಇಲ್ಲವೋ ನೋಡಿರಿ. ಸಿಗ್ನಲ್ ಇಲ್ಲದ ಊರಿನಲ್ಲಿ ಬರೆದ ಸಾಲು ನಿಮ್ಮ ಫೋನಿನಲ್ಲೇ ಮಲಗಿರುತ್ತದೆ, ಸರಕಾರದ ವಹಿಗೆ ಹತ್ತಿರುವುದಿಲ್ಲ.

ಇನ್ನು ಸರಕಾರದ ಮಾತು. ಕರ್ನಾಟಕ ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೇ ಹೆಸರಾದ ರಾಜ್ಯ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 2,817 ಕೋಟಿ ರೂ.ಗಳ ಡಿಜಿಟಲ್ ಕೃಷಿ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಇಡೀ ದೇಶದ ಹೊಲಗಳ ಬೆಳೆ ಮೊಬೈಲಿಗೆ ಬರಲಿದೆ. ಇಷ್ಟು ದುಡ್ಡು ಸುರಿಯುವವರು ಮೂರು ಸಣ್ಣ ಕೆಲಸ ಮಾಡಲಾರರೇ?

ಮೊದಲನೆಯದು, ಹೆಸರಿನಂಥ ಬೇಗ ಬರುವ ಬೆಳೆಗಳ ಹೊಲಕ್ಕೆ ಬೇಗ ಹೋಗಬೇಕು. ಎರಡನೆಯದು, ಅವಧಿ ಮುಗಿಯುವ ಮೊದಲು ಊರಿನ ಎಲ್ಲ ಸಾಲುಗಳ ಪಟ್ಟಿಯನ್ನು ಪಂಚಾಯತಿ ಗೋಡೆಗೆ ಹಚ್ಚಿ ಡಂಗುರ ಸಾರಬೇಕು. ತಿರಸ್ಕಾರದ ಪಟ್ಟಿಯನ್ನು ಗೋಡೆಗೆ ಹಚ್ಚಲು ಬರುತ್ತದೆ, ತಿದ್ದುವ ಪಟ್ಟಿ ಹಚ್ಚಲು ಬರುವುದಿಲ್ಲವೇ? ಮೂರನೆಯದು, ಸಾಲು ತಿದ್ದಿದಾಗ ಹಳೆಯದನ್ನು ಗೀಟಿನಡಿ ಉಳಿಸಿ, ಯಾರು ತಿದ್ದಿದರು, ಯಾವ ದಿನ ಎಂದು ರೈತನ ಮೊಬೈಲಿಗೆ ಚೀಟಿ ಕಳಿಸಬೇಕು. ಇಲ್ಲದಿದ್ದರೆ ತಿದ್ದುವ ಬಾಗಿಲಿನಿಂದಲೇ ಕಳ್ಳ ಒಳಗೆ ಬರುತ್ತಾನೆ. ಬಿತ್ತದವನ ಹೊಲದಲ್ಲಿ ಬೆಳೆ ಹುಟ್ಟುತ್ತದೆ!

ಅಪ್ಪ ಈಗ ಹೆಸರು ಕೀಳುವ ಮೊದಲು ಮೊಮ್ಮಗನನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತಾನೆ. "ಫೋಟೋ ಹೊಡಿಯೋ ತಮ್ಮಾ, ಆಮ್ಯಾಲ ಕಾಯಿ ಬಿಡಸೂಣು," ಅನ್ನುತ್ತಾನೆ. ಎಲ್ಲರ ಮನೆಯಲ್ಲೂ ಮೊಬೈಲ್ ಬಲ್ಲ ಮೊಮ್ಮಗ ಇರುವುದಿಲ್ಲ. ಇಲ್ಲದವರ ಸಾಲು ಯಾರು ಓದಬೇಕು? ಸಂಬಂಧಪಟ್ಟವರು ಬರುವ ಮುಂಗಾರಿಯ ಒಳಗಾದರೂ ಉತ್ತರ ಹೇಳಲಿ.