ಹೆಣ್ಣಿಗೇ ನಿಂತುಹೋಗುವ ಹೆಸರು

ಹೋದ ವರ್ಷ ನಮ್ಮ ನೆಂಟರ ಮನೆಯಲ್ಲಿ ಎರಡನೆಯ ಹೆಣ್ಣುಮಗುವಿನ ನಾಮಕರಣ. ಮಗುವನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಿ ಮುಗಿದಿತ್ತು. ಊಟದ ಪಂಕ್ತಿಯಲ್ಲಿ ಕೋಸಂಬರಿ ಬರುವಷ್ಟರಲ್ಲಿ ಹಿರಿಯರೊಬ್ಬರು ಬಾಯಿಬಿಟ್ಟರು: "ಎರಡೂ ಹೆಣ್ಣೇ ಆಯಿತಲ್ಲ, ಅಲ್ಲಿಗೆ ಈ ಮನೆತನದ ಹೆಸರು ಮುಗಿದ ಹಾಗೇ." ಬಾಣಂತಿ ಬಾಗಿಲ ಹಿಂದೆಯೇ ನಿಂತಿದ್ದಳು. ಯಾರೂ ಮಾತಾಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನ ಬಾಯಿಗೂ ಆ ಹೊತ್ತಿನಲ್ಲಿ ಉತ್ತರ ಬರಲಿಲ್ಲ.

ಉತ್ತರ ಸಿಕ್ಕಿದ್ದು ಆಮೇಲೆ, ಅದೂ ದೂರದ ವಿಯೆಟ್ನಾಮಿನಿಂದ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಅವಳ ಕಂಪನಿಗೆ ವಿಯೆಟ್ನಾಮಿನಲ್ಲೂ ಕಚೇರಿಯಿದೆ. ಅಲ್ಲಿಯ ಒಬ್ಬಳು ಸಹೋದ್ಯೋಗಿಯ ಹೆಸರಿನ ಮೊದಲಿಗೆ ನಾಲ್ಕು ಪದ: ಕೋಂಗ್ ತಂಗ್ ತೋನ್ ನೂ. "ದೊಡ್ಡಮ್ಮಾ, ಹೆಸರು ಹೇಳಿ ಮುಗಿಸುವುದರಲ್ಲಿ ಮೀಟಿಂಗೇ ಮುಗಿದುಹೋಗುತ್ತದೆ. ಆದರೆ ಅವಳ ಮಗಳ ಹೆಸರಿನಲ್ಲಿ ಇದೊಂದೂ ಇಲ್ಲ, ಯಾಕೆ?" ಎಂದು ಕೇಳಿದಳು. ಸಮಾಜ ವಿಜ್ಞಾನದ ಮೇಷ್ಟ್ರು ಎಂದ ಮೇಲೆ ಗೊತ್ತಿಲ್ಲ ಎನ್ನಲು ನಾಚಿಕೆಯಲ್ಲವೆ? ಹುಡುಕಿ ಓದಿದೆ. ಓದುತ್ತ ಓದುತ್ತ ಸಿಟ್ಟು ಬಂತು.

ಮೊದಲು ಆ ದೇಶದ ಮನೆತನದ ಹೆಸರುಗಳ ಲೆಕ್ಕ ಕೇಳಿ. ಅಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಕೊನೆಗೆ. ನಾವು ಒಂದನೇ ತರಗತಿಯಲ್ಲಿ ಕ ಖ ಗ ಘ ಙ ಕಲಿಸುತ್ತೇವಲ್ಲ, ಆ ಙ ಅಕ್ಷರದಿಂದ ಶುರುವಾಗುವ ಒಂದು ಪದ ಹೇಳಿ ಎಂದರೆ ಮಕ್ಕಳಿರಲಿ, ಮೇಷ್ಟ್ರುಗಳೇ ಮೇಲೆ ನೋಡುತ್ತೇವೆ. ವಿಯೆಟ್ನಾಮಿನಲ್ಲಿ ನೂರು ಜನರಲ್ಲಿ ಸುಮಾರು 38 ಮಂದಿಯ ಹೆಸರು ಆ ಅಕ್ಷರದಿಂದಲೇ ಶುರು: ಙುಯೆನ್. ಅದರ ಜೊತೆ ತ್ರಾನ್, ಲೇ ಎಂಬ ಇನ್ನೆರಡನ್ನು ಸೇರಿಸಿದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನ ಮೂರೇ ಹೆಸರುಗಳೊಳಗೆ ಬಂದುಬಿಡುತ್ತಾರೆ. ಅಮೆರಿಕಕ್ಕೆ ಹೋದವರಲ್ಲೂ ಹಾಗೇ. 2010ರ ಅಲ್ಲಿಯ ಜನಗಣತಿಯಲ್ಲಿ 4,37,645 ಮಂದಿ ಙುಯೆನ್‌ಗಳಿದ್ದರು, ಇಡೀ ಅಮೆರಿಕದ ಹೆಸರುಗಳಲ್ಲಿ 38ನೆಯ ಸ್ಥಾನ.

ಇಷ್ಟೊಂದು ಜನ ಒಬ್ಬನೇ ಮೂಲಪುರುಷನ ಮಕ್ಕಳೇ? ಖಂಡಿತ ಅಲ್ಲ. ಒಂದು ಉದಾಹರಣೆ ಹೇಳುತ್ತೇನೆ. 1009ರಿಂದ ಅಲ್ಲಿ ಲೀ ಎಂಬ ರಾಜವಂಶವಿತ್ತು. ಅದರ ಕೊನೆಯ ದೊರೆಗೆ ಗಂಡುಮಕ್ಕಳಿರಲಿಲ್ಲ. 1224ರಲ್ಲಿ ಕಿರಿಯ ಮಗಳನ್ನು ಸಿಂಹಾಸನದ ಮೇಲೆ ಕೂರಿಸಿದರು. ಲೀ ಚಿಯೇವ್ ಹ್ವಾಂಗ್ ಎಂದು ಅವಳನ್ನು ಕರೆಯುತ್ತಾರೆ. ಹುಟ್ಟಿದ್ದು 1218ರಲ್ಲಿ, ಎಂದರೆ ನಮ್ಮ ಒಂದನೇ ತರಗತಿಯ ಬೆಂಚಿನ ಮೇಲೆ ಕೂರುವ ವಯಸ್ಸು. ಸುಮಾರು ಒಂದು ವರ್ಷದಲ್ಲೇ ತ್ರಾನ್ ಮನೆಯ ಅಷ್ಟೇ ಪುಟ್ಟ ಹುಡುಗನ ಜೊತೆ ಅವಳ ಮದುವೆ ಮಾಡಿಸಿ, ರಾಜ್ಯವನ್ನು ಗಂಡನಿಗೆ ಬಿಟ್ಟುಕೊಡಿಸಿದರು. ಮಾಡಿಸಿದವನು ಹುಡುಗನ ಬಂಧು ತ್ರಾನ್ ಥು ದೋ. 1232ರಲ್ಲಿ ಲೀ ಮನೆತನದವರೆಲ್ಲ ಇನ್ನು ಮುಂದೆ ಙುಯೆನ್ ಎಂದು ಹೆಸರು ಬದಲಿಸಿಕೊಳ್ಳಬೇಕೆಂದು ಆಜ್ಞೆಯಾಯಿತು. ಹೊಸ ದೊರೆಯ ಅಜ್ಜನ ಹೆಸರು ಲೀ ಎಂದಿತ್ತಂತೆ, ಹಿರಿಯರ ಹೆಸರನ್ನು ಯಾರೂ ಬಾಯಲ್ಲಿ ಆಡಬಾರದಂತೆ, ಅದು ಕಾರಣ. 1237ರಲ್ಲಿ, ಮಕ್ಕಳಾಗಲಿಲ್ಲವೆಂದು ಆ ಹುಡುಗಿಯನ್ನು ರಾಣಿಯ ಪಟ್ಟದಿಂದಲೂ ಇಳಿಸಿದರು. ಆಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ಆಳಿದ ಮನೆಯ ಹೆಸರು ಹೀಗೆ ರಾತ್ರೋರಾತ್ರಿ ಅಪರೂಪವಾಯಿತು. ಯಾವ ಹೆಸರು ಹೆಚ್ಚು, ಯಾವುದು ಕಡಿಮೆ ಎಂಬುದನ್ನು ರಕ್ತ ತೀರ್ಮಾನಿಸುವುದಿಲ್ಲ, ಅಧಿಕಾರ ತೀರ್ಮಾನಿಸುತ್ತದೆ. ಇದು ನಾನು ಕಲಿತ ಮೊದಲ ಪಾಠ.

ಎರಡನೆಯ ಪಾಠ ಆ ಸಹೋದ್ಯೋಗಿಯ ಹೆಸರಿನದು. 1802ರಲ್ಲಿ ಜಿಯಾ ಲಾಂಗ್ ಎಂಬ ದೊರೆ ಹ್ವೇ ನಗರವನ್ನು ರಾಜಧಾನಿ ಮಾಡಿಕೊಂಡು ಙುಯೆನ್ ರಾಜವಂಶವನ್ನು ಆರಂಭಿಸಿದ. ಅವನ ಮಗ ಮಿನ್ ಮಾಂಗ್. ಈ ದೊರೆ 1823ರಲ್ಲಿ ಇಪ್ಪತ್ತು ಪದಗಳ ಒಂದು ಪದ್ಯ ರಚಿಸಿದ. ತನ್ನ ಸಂತಾನದ ಒಂದೊಂದು ತಲೆಮಾರಿಗೆ ಒಂದೊಂದು ಪದ. ಮಗಂದಿರೆಲ್ಲ ಮಿಯೆನ್, ಮೊಮ್ಮಗಂದಿರೆಲ್ಲ ಹುವೊಂಗ್, ಆಮೇಲೆ ಉಂಗ್, ಬುವು, ವಿನ್, ಹೀಗೆ. ಹೆಸರು ಕೇಳಿದರೆ ಸಾಕು, ಇವನು ದೊರೆಯಿಂದ ಎಷ್ಟನೆಯ ತಲೆಯವನು ಎಂದು ತಿಳಿಯಬೇಕು. ತನ್ನ ಅಣ್ಣತಮ್ಮಂದಿರ ಶಾಖೆಗಳಿಗೂ ಬೇರೆ ಬೇರೆ ಪದ್ಯ ಮಾಡಿಕೊಟ್ಟ. ಇದನ್ನೆಲ್ಲ ಚಿನ್ನದ ಹಾಳೆಗಳ ಮೇಲೆ ಕೆತ್ತಿಸಿದರು. ಇನ್ನೂ ಹಳೆಯ ಶಾಖೆಗಳ ಗಂಡಸರಿಗೆ ತೋನ್ ಥತ್ ಎಂಬ ಹೆಸರು. ಫ್ರೆಂಚರ ವಿರುದ್ಧ 1885ರಲ್ಲಿ ದಂಗೆಯೆದ್ದ ತೋನ್ ಥತ್ ಥುಯೆತ್, ಯಕೃತ್ತಿನ ಶಸ್ತ್ರಚಿಕಿತ್ಸೆಯಲ್ಲಿ ಜಗತ್ತೇ ಹೆಸರು ಹೇಳುವ ವೈದ್ಯ ತೋನ್ ಥತ್ ತುಂಗ್ ಈ ಕಡೆಯವರು.

ಇಪ್ಪತ್ತು ತಲೆಮಾರು ಆಳುತ್ತೇವೆಂದು ಪದ ಜೋಡಿಸಿಟ್ಟರು. ಸಿಂಹಾಸನ ಉಳಿದದ್ದು ಐದನೆಯ ಪದದವರೆಗೆ. ವಿನ್ ತಲೆಮಾರಿನ ಬಾವೊ ದಾಯ್ 1945ರ ಆಗಸ್ಟ್‌ನಲ್ಲಿ ಪಟ್ಟ ಬಿಟ್ಟ. ಅದು ಹೋಗಲಿ.

ಆ ಪದ್ಯದಲ್ಲಿ ಹೆಣ್ಣುಮಕ್ಕಳಿಗೆ ಯಾವ ಪದ? ಒಂದೂ ಇಲ್ಲ. ಇಪ್ಪತ್ತು ಪದಗಳಲ್ಲಿ ಒಂದೇ ಒಂದೂ ಇಲ್ಲ. ಅವರಿಗೆ ಬೇರೆ ಏರ್ಪಾಡು. ರಾಜಕುಮಾರನ ಮಗಳು ಕೋಂಗ್ ನೂ. ಮೊಮ್ಮಗಳು ಕೋಂಗ್ ತೋನ್ ನೂ. ಮರಿಮಗಳು ಕೋಂಗ್ ತಂಗ್ ತೋನ್ ನೂ. ಅವಳ ನಂತರದ ತಲೆಯವಳು ಕೋಂಗ್ ಹುಯೆನ್ ತೋನ್ ನೂ. ನೂ ಎಂದರೆ ಹೆಣ್ಣು. ಅಂದರೆ ಇದು ಹೆಸರಲ್ಲ, ಅಳತೆ. ಅರಮನೆಯಿಂದ ನೀನು ಎಷ್ಟು ದೂರ ಸರಿದೆ ಎಂಬ ಮೈಲಿಗಲ್ಲು. ಉದ್ದನೆಯ ಹೆಸರು ಹೇಳಲಾರದೆ ಜನ ಅದನ್ನು ತೋನ್ ನೂ ಎಂದು ಚಿಕ್ಕದು ಮಾಡಿದರು. ತೋನ್ ಥತ್ ಮನೆಗಳ ಹೆಣ್ಣುಮಕ್ಕಳೂ ತೋನ್ ನೂಗಳೇ.

ಈಗ ತಂಗಿಯ ಮಗಳ ಪ್ರಶ್ನೆಗೆ ಬರೋಣ. ತೋನ್ ನೂ ಆದವಳು ಮದುವೆಯಾಗಿ ಹೆತ್ತರೆ ಮಗುವಿಗೆ ಗಂಡನ ಮನೆತನದ ಹೆಸರು. ಹೆಣ್ಣು ಹುಟ್ಟಿದರೂ ಅವಳು ತೋನ್ ನೂ ಅಲ್ಲ. ಹೆಣ್ಣಿಗೆಂದೇ ಮಾಡಿದ ಈ ಹೆಸರನ್ನು ಯಾವ ಹೆಣ್ಣೂ ತನ್ನ ಮಗಳಿಗೆ ಕೊಡುವ ಹಾಗಿಲ್ಲ! ಕೊಡುವವನು ಅಪ್ಪ ಮಾತ್ರ, ಪಡೆಯುವವಳು ಮಗಳು ಮಾತ್ರ, ಅಲ್ಲಿಗೆ ನಿಂತಿತು. ಇಂಥ ಹೆಸರು ಅಪರೂಪವಾಗದೆ ಇನ್ನೇನಾದೀತು? ವಿಯೆಟ್ನಾಮಿನ ರಾಯಭಾರಿಯಾಗಿ ಯುರೋಪಿನಲ್ಲಿ ಕೆಲಸ ಮಾಡಿದ ತೋನ್ ನೂ ಥಿ ನಿನ್ ಎಂಬ ವಿದುಷಿ ಇದ್ದಾರೆ, 1947ರಲ್ಲಿ ಹ್ವೇಯಲ್ಲಿ ಹುಟ್ಟಿದವರು. ಎಷ್ಟು ದೊಡ್ಡ ವೇದಿಕೆಯ ಮೇಲೆ ನಿಂತರೂ ಕಟ್ಟಳೆಯ ಪ್ರಕಾರ ಆ ಹೆಸರು ಅವರಲ್ಲಿಗೇ ಕೊನೆ.

"ಆದರೆ ದೊಡ್ಡಮ್ಮಾ, ಅಲ್ಲಿ ಮದುವೆಯಾದ ಮೇಲೆ ಹೆಂಗಸರು ಹೆಸರು ಬದಲಿಸುವುದಿಲ್ಲವಂತೆ. ನಮಗಿಂತ ಎಷ್ಟು ಮುಂದೆ!" ಎಂದಳು ಹುಡುಗಿ. ಹೌದು, ಬದಲಿಸುವುದಿಲ್ಲ. ಅದರ ಸುಖ ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಬಿ.ಎ. ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಸೇವಾ ಪುಸ್ತಕದಲ್ಲಿ ಗಂಡನ ಇನಿಷಿಯಲ್. ಇಬ್ಬರೂ ಒಬ್ಬಳೇ ಎಂದು ಸಾಬೀತು ಮಾಡಲು ಛಾಪಾ ಕಾಗದದ ಮೇಲೆ ಅಫಿಡವಿಟ್ ಬರೆಸಿ, ಕಚೇರಿಯೊಂದಕ್ಕೆ ನಾಲ್ಕು ಸಲ ಅಲೆದಿದ್ದೇನೆ. ವಿಯೆಟ್ನಾಮಿನ ಹೆಂಗಸಿಗೆ ಆ ಅಲೆದಾಟವಿಲ್ಲ. ಆದರೆ ಹೆಸರು ಉಳಿಸಿಕೊಳ್ಳುವುದು ಬೇರೆ, ಹೆಸರು ದಾಟಿಸುವುದು ಬೇರೆ. ಅಲ್ಲಿ ಅಪ್ಪನ ತಾಯಿಯನ್ನು ಕರೆಯುವ ಪದಕ್ಕೆ ಒಳಗಿನ ಅಜ್ಜಿ ಎಂದು ಅರ್ಥ, ಅಮ್ಮನ ತಾಯಿ ಹೊರಗಿನ ಅಜ್ಜಿ. ಗಂಡು ಒಬ್ಬ ಹುಟ್ಟಿದರೆ ಉಂಟು, ಹೆಣ್ಣು ಹತ್ತು ಹುಟ್ಟಿದರೂ ಇಲ್ಲ ಎಂದು ಅವರ ಹಳೆಯ ಗಾದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮದು. ಗಾದೆಗಳಿಗೆ ಪಾಸ್‌ಪೋರ್ಟ್ ಬೇಡ ನೋಡಿ! ಚೀನಾದ ಸೈನ್ಯದ ವಿರುದ್ಧ ಕ್ರಿ.ಶ. 40ರಲ್ಲಿ ಕಾದಿದ ತ್ರುಂಗ್ ಅಕ್ಕತಂಗಿಯರ ಹೆಸರನ್ನು ರಸ್ತೆರಸ್ತೆಗೂ ಇಟ್ಟಿರುವ ದೇಶದ ಗಾದೆ ಇದು. ಪ್ರತಿಮೆಯ ಹೆಣ್ಣು ಬೇಕು, ವಂಶದ ಪಟ್ಟಿಯಲ್ಲಿ ಮಾತ್ರ ಬೇಡ.

ಇದು ಬರೀ ಹೆಸರಿನ ವಿಷಯವಲ್ಲವೆ, ಇಷ್ಟು ಸಿಟ್ಟೇಕೆ ಎಂದು ನೀವು ಕೇಳಬಹುದು. ಸಿಟ್ಟಿಗೆ ಕಾರಣ ಇನ್ನೊಂದು ಲೆಕ್ಕ. ಪ್ರಕೃತಿಯ ಪಾಡಿಗೆ ಬಿಟ್ಟರೆ 100 ಹೆಣ್ಣು ಕೂಸುಗಳಿಗೆ ಸುಮಾರು 105 ಗಂಡು ಕೂಸುಗಳು ಹುಟ್ಟುತ್ತವೆ. ವಿಯೆಟ್ನಾಮಿನ 2019ರ ಜನಗಣತಿಯಲ್ಲಿ ಅದು 111.5 ಇತ್ತು. ಗರ್ಭದ ಶಿಶು ಗಂಡೋ ಹೆಣ್ಣೋ ಎಂದು ಆರಿಸುವುದನ್ನು 2003ರಲ್ಲೇ ಅಲ್ಲಿ ಕಾನೂನು ನಿಷೇಧಿಸಿತ್ತು. ಆದರೂ ಹೀಗೆ. ಹಿರಿಯರಿಗೆ ಧೂಪ ಹಾಕುವವನು ಬೇಕು, ಹೆಸರು ಹೇಳುವವನು ಬೇಕು ಎಂಬ ಆಸೆ ಹುಟ್ಟಬೇಕಾದ ಹುಡುಗಿಯರನ್ನು ನುಂಗಿದೆ. ನಾವೇನು ಮೇಲು? ನಮ್ಮಲ್ಲಿ ಭ್ರೂಣಲಿಂಗ ಪತ್ತೆಯ ವಿರುದ್ಧ 1994ರಲ್ಲೇ ಕಾಯಿದೆ ಆಯಿತು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿದ್ದ ಜಾಲ ಸಿಕ್ಕಿತು. ಬೆಲ್ಲ ಕಾಯಿಸುವ ಜಾಗ! ಆ ಸುದ್ದಿ ಓದಿದ ದಿನ ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ನಾಮಕರಣದ ಮನೆಯ ಆ ಹಿರಿಯರು ಕೆಟ್ಟವರಲ್ಲ, ಇರುವೆಯನ್ನೂ ತುಳಿಯದವರು. ಆದರೆ ಅವರಾಡಿದ ಮಾತಿಗೂ ಆ ಆಲೆಮನೆಗೂ ಸಂಬಂಧವಿಲ್ಲ ಎಂದು ನನಗೆ ಹೇಳಬೇಡಿ.

ಸಂಪ್ರದಾಯ ಬದಲಾಗುವುದೇ ಇಲ್ಲ ಎನ್ನುವವರಿಗೆ ಅದೇ ವಿಯೆಟ್ನಾಮಿನ ಗುಡ್ಡನಾಡಿನ ಮಾತು ಹೇಳುತ್ತೇನೆ. ಅಲ್ಲಿ ದಕ್ ಲಕ್ ಎಂಬ ಸೀಮೆಯಲ್ಲಿ ಏಡೇ ಎಂಬ ಬುಡಕಟ್ಟಿನ ಜನರಿದ್ದಾರೆ, ದೇಶದಲ್ಲಿ ಒಟ್ಟು ಸುಮಾರು 4 ಲಕ್ಷ. ಅವರಲ್ಲಿ ಮಕ್ಕಳಿಗೆ ತಾಯಿಯ ಮನೆತನದ ಹೆಸರು. ಮದುವೆಯಾದ ಗಂಡ ಹೆಂಡತಿಯ ಮನೆಗೆ ಬಂದು ಇರುತ್ತಾನೆ. ಹೆಣ್ಣುಮಕ್ಕಳಿಗೆ ಮದುವೆಯಾದ ಹಾಗೆಲ್ಲ ಮನೆಯನ್ನು ಉದ್ದಕ್ಕೆ ಕಟ್ಟಿ ಬೆಳೆಸುತ್ತಾರೆ. 2018ರ ಭುವನಸುಂದರಿ ಸ್ಪರ್ಧೆಯಲ್ಲಿ ಮೊದಲ ಐವರೊಳಗೆ ಬಂದ ಹೆನ್ ನಿಯೆ ಈ ಜನಾಂಗದವಳು. ಹದಿನಾಲ್ಕಕ್ಕೇ ಮದುವೆಯಾಗು ಎಂದಾಗ ಒಲ್ಲೆನೆಂದು ಓದಲು ಹೋದ ಹುಡುಗಿ. ನಿಯೆ ಕೂಡ ವಿಯೆಟ್ನಾಮಿನಲ್ಲಿ ಅಪರೂಪದ ಹೆಸರೇ. ಆದರೆ ಅದು ಹೆಣ್ಣು ಹುಟ್ಟಿತೆಂದು ಮುಗಿಯುವ ಹೆಸರಲ್ಲ, ಹೆಣ್ಣು ಹುಟ್ಟಿದ್ದರಿಂದಲೇ ಮುಂದುವರಿಯುವ ಹೆಸರು. ಅಷ್ಟು ದೂರ ಏಕೆ, ನಮ್ಮ ತುಳುನಾಡಿನ ಬಂಟರಲ್ಲಿ ಬಳಿ ಬರುವುದು ತಾಯಿಯಿಂದಲೇ ಅಲ್ಲವೆ? ಅವರ ಮನೆತನಗಳು ಮುಳುಗಿ ಹೋದವೇ? ಹಾಗಾಗಿ ಇದು ದೇವರು ಮಾಡಿದ ನಿಯಮವಲ್ಲ, ದೊರೆಗಳೂ ಯಜಮಾನರೂ ಮಾಡಿದ ಲೆಕ್ಕ.

ಆ ಲೆಕ್ಕವನ್ನು ನಮ್ಮ ಏಳನೇ ತರಗತಿಯ ಮಕ್ಕಳೂ ಮಾಡಬಲ್ಲರು. ನೂರು ಮನೆ, ಮನೆಗೆ ಎರಡು ಮಕ್ಕಳು. ಸುಮಾರು ಇಪ್ಪತ್ತೈದು ಮನೆಗಳಲ್ಲಿ ಎರಡೂ ಹೆಣ್ಣಾಗುತ್ತವೆ. ಗಂಡಿನಿಂದ ಮಾತ್ರ ಹೆಸರು ದಾಟುವುದಾದರೆ ಒಂದೇ ತಲೆಮಾರಿಗೆ ಆ ಇಪ್ಪತ್ತೈದು ಹೆಸರು ಹೋಯಿತು. ಮಕ್ಕಳು ಹೋದರೆ? ಇಲ್ಲ, ಐವತ್ತು ಹುಡುಗಿಯರು ಓದುತ್ತ, ಆಡುತ್ತ ಗಟ್ಟಿಯಾಗಿದ್ದಾರೆ. ಮುಗಿದದ್ದು ವಂಶವಲ್ಲ, ಎಣಿಸುವವರ ಜಾಣತನ.

ವಿಯೆಟ್ನಾಮಿನ 2015ರ ನಾಗರಿಕ ಸಂಹಿತೆಯ 26ನೆಯ ಕಲಮಿನ ಪ್ರಕಾರ ಮಗುವಿಗೆ ತಂದೆಯ ಅಥವಾ ತಾಯಿಯ ಮನೆತನದ ಹೆಸರನ್ನು ಇಬ್ಬರೂ ಒಪ್ಪಿ ಇಡಬಹುದು. ಒಪ್ಪಿಗೆಯಾಗದಿದ್ದರೆ? ರೂಢಿಯಂತೆ. ಆ ಒಂದು ಪದದಲ್ಲಿ ಅಪ್ಪನ ಹೆಸರು ಮತ್ತೆ ಒಳಗೆ ಬಂದು ಕೂರುತ್ತದೆ. ಕಾನೂನು ಬಾಗಿಲು ತೆರೆದಿದೆ, ದಾಟಬೇಕಾದವರು ಹೊಸ್ತಿಲಲ್ಲಿ ಅತ್ತೆಯ ಮುಖ ನೋಡುತ್ತ ನಿಂತಿದ್ದಾರೆ. ತಂಗಿಯ ಮಗಳು ಆ ಸಹೋದ್ಯೋಗಿಯನ್ನು ಕೇಳಿದಳಂತೆ, ಮಗಳಿಗೆ ನಿನ್ನ ಹೆಸರನ್ನೇ ಇಡಬಹುದಿತ್ತಲ್ಲ ಎಂದು. ಅವಳು ನಕ್ಕು, "ಅದು ನನಗೆ ತೋಚಲೇ ಇಲ್ಲ" ಎಂದಳಂತೆ. ಕೊಡಲಿಲ್ಲ ಎಂದಲ್ಲ, ತೋಚಲಿಲ್ಲ. ನಮ್ಮ ಸೋಲು ಇರುವುದು ಅಲ್ಲಿ.

ಅದನ್ನು ಕೇಳಿದ ರಾತ್ರಿ ಒಂದು ಹಾಳೆ ತೆಗೆದುಕೊಂಡು ಕುಳಿತೆ. ಅಪ್ಪನ ಕಡೆಯಿಂದ ಆರು ತಲೆಮಾರು ಸರಾಗವಾಗಿ ಬರೆದೆ. ಶ್ರಾದ್ಧದ ದಿನ ಹೇಳಿ ಹೇಳಿ ಕಿವಿಗೆ ಬಿದ್ದದ್ದು. ಅಮ್ಮನ ಕಡೆಯಿಂದ ಅಮ್ಮ, ಅಮ್ಮನ ಅಮ್ಮ, ಅಷ್ಟಕ್ಕೇ ಪೆನ್ನು ನಿಂತಿತು. ನನ್ನ ಅಜ್ಜಿಯನ್ನು ಹೆತ್ತವಳ ಹೆಸರು ನನಗೆ ಗೊತ್ತಿಲ್ಲ. ಅಮ್ಮ ಈಗ ಇಲ್ಲ, ಕೇಳೋಣವೆಂದರೆ ಉಳಿದವರಾರೂ ಇಲ್ಲ. ಮಿನ್ ಮಾಂಗ್ ದೊರೆಯನ್ನು ಬೈದ ನಾನೇ ಐವತ್ತು ದಾಟುವವರೆಗೆ ಅದನ್ನು ಕೇಳಿರಲಿಲ್ಲ.

ನಿಮ್ಮ ತಾಯಿ ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಾದರೂ ಸಾಕು, ಚಿನ್ನದ ಹಾಳೆಯೇ ಆಗಬೇಕಿಲ್ಲ. ನೆಂಟರ ಮನೆಯ ಆ ಕೂಸಿಗೆ ಬರುವ ತಿಂಗಳು ವರ್ಷ ತುಂಬುತ್ತದೆ. ಊಟಕ್ಕೆ ಕರೆದಿದ್ದಾರೆ. ಆ ಹಿರಿಯರೂ ಬರುತ್ತಾರೆ. ಈ ಸಲ ನಾನು ಸುಮ್ಮನಿರುವುದಿಲ್ಲ.